ಆರು ವಾರದ ಟೀಚರ್

“ಇಲ್ಲೇ ನಿಂದರ್ರಿ ಅಕ್ಕಾರ, ಒಳಗ ಬರಬ್ಯಾಡ್ರಿ,” ಎಂದು ಶ್ರೀಶೈಲ ಬಾಗಿಲಿಗೆ ಅಡ್ಡ ಕೈ ಹಾಕಿದಾಗ ಸುವಾರ್ತಾ ಒಂದು ಕಾಲಿನ ಚಪ್ಪಲಿ ಬಿಟ್ಟಾಗಿತ್ತು. ಇಂಡಿಯಿಂದ ಸಿಂದಗಿಗೆ ಬಂದು, ಬಸ್ಸು ಬದಲಿಸಿ ಮೋರಟಗಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಒಳಗೆ ಬಸಂತರಾಯನ ದೇಹಕ್ಕೆ ಬಿಳಿ ಬಟ್ಟೆ ಹೊದಿಸುತ್ತಿದ್ದರು. ಊರಿನ ಬುದ್ಧ ವಿಹಾರದ ಪಡಸಾಲೆಯಲ್ಲಿ ಓದುವ ಮಕ್ಕಳನ್ನು ಕೂಡಿಸಿಕೊಂಡು ಆಯುಷ್ಯ ಕಳೆದ ದರ್ಜಿ ಅವನು. ಸ್ವಂತ ಮಕ್ಕಳಿರಲಿಲ್ಲ. ಬಾಗೇವಾಡಿಯಿಂದ ಬಂದ ಅಣ್ಣನ ಮಗ ಶ್ರೀಶೈಲನೇ ಈಗ ಎಲ್ಲದಕ್ಕೂ ಮುಂದೆ ನಿಂತಿದ್ದ.

“ಆಕಿ ನನ್ನ ಟೀಚರ್. ನಾನಽ ಫೋನ್ ಮಾಡೇನಿ,” ಎನ್ನುತ್ತ ಚನ್ನವ್ವ ಓಡಿ ಬಂದಳು. ವಿಹಾರದಲ್ಲಿ ಓದಿದವಳು, ಈಗ ಸಿಂದಗಿಯಲ್ಲಿ ನರ್ಸ್.

“ಚರ್ಚಿನವ್ರು ಬಂದು ಹೆಣದ ಮುಂದ ಕುಂತ್ರ ಊರಾಗ ಏನಂತಾರಕ್ಕಾ?” ಶ್ರೀಶೈಲ ಚನ್ನವ್ವನತ್ತ ತಿರುಗಿದ. “ಕಾಕಾನ್ನೂ ಮತಾಂತರ ಮಾಡಿದ್ರು ಅಂತಾರ. ಇವ್ರು ಹಿಂದ ಅದಕ್ಕಽ ಬಂದಿದ್ರಲ್ಲ?”

“ಅದಕ್ಕಽ ಬಂದಿದ್ವಿ,” ಸುವಾರ್ತಾ ಮೆಲ್ಲಗೆ ಅಂದಳು. “ಸುಳ್ಳಲ್ಲರಿ.”

*

ಆಗ ಅವಳಿಗೆ ಇಪ್ಪತ್ತು. ಬೀದರದಿಂದ ಮೂವರು ಬೇಸಿಗೆಯ ಆರು ವಾರದ ಸೇವೆಗೆಂದು ಬಂದಿದ್ದರು. ಬೆಳಗ್ಗೆ ಇಂಗ್ಲಿಷ್, ಸಂಜೆ ಯೇಸುವಿನ ಕತೆ. ಊರ ಹಿರಿಯರು ಬೇಡವೆಂದಾಗ ಬಸಂತರಾಯ ಒಂದೇ ಕರಾರು ಹಾಕಿದ್ದ: “ಕಲಸ್ರಿ, ನಿಮ್ಮ ಕತಿನೂ ಹೇಳ್ರಿ. ಆದ್ರ ಹುಡುಗೂರು ಪ್ರಶ್ನಿ ಕೇಳಿದ್ರ ಸಿಟ್ಟಾಗಬಾರ್ದು.”

ಎಂಥ ದಿನಗಳವು! ವಾರಗಳ ಇಂಗ್ಲಿಷ್ ಹೆಸರನ್ನು ಹುಡುಗರು ಲಾವಣಿಯ ಧಾಟಿಗೆ ಕೂಡಿಸಿ ಹಾಡುತ್ತಿದ್ದರು. ಬಸಂತರಾಯನ ಹೆಂಡತಿ ಜಯಮಾಲಾ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ, “ತಿನ್ನಽ ಹುಡುಗಿ, ಉಪಾಸ ಇರು ಅಂದಾನೇನು ನಿನ್ನ ದೇವರು?” ಎಂದು ಗದರುತ್ತಿದ್ದಳು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಬಸಂತರಾಯ ಮಾತ್ರ ತೆರೆದೇ ಕೂರುತ್ತಿದ್ದ. ಯಾಕೆಂದು ಕೇಳಿದರೆ, “ಎಲ್ಲಾರೂ ಕಣ್ಣ ಮುಚ್ಚಿದ್ರ ಹುಡುಗೂರ್ನ ನೋಡಾವ್ರು ಯಾರವಾ?” ಎಂದು ನಗುತ್ತಿದ್ದ.

ನಾಲ್ಕನೆಯ ವಾರ ತಂಡದ ಮುಖಂಡ, ಇನ್ನೂ ಒಬ್ಬರೂ ಯಾಕೆ ವಿಶ್ವಾಸಕ್ಕೆ ಬಂದಿಲ್ಲವೆಂದು ಕೇಳಿದ. ಆ ಸಂಜೆ ಸುವಾರ್ತಾ ತಾನು ಕಲಿತದ್ದನ್ನು ಕಲಿತ ಹಾಗೆಯೇ ಹೇಳಿದಳು: ನಂಬದವರಿಗೆ ರಕ್ಷಣೆಯಿಲ್ಲ, ನರಕವೇ ಗತಿ.

ಹದಿಮೂರರ ಚನ್ನವ್ವ ಎದ್ದು ನಿಂತಳು. “ಟೀಚರ್, ನಮ್ಮವ್ವ ಹೋದ ತಿಂಗಳ ತೀರಿಕೊಂಡಾಳ. ಆಕಿಗೆ ಯೇಸು ಗೊತ್ತಿರ್ಲಿಲ್ಲ. ಆಕಿ ಎಲ್ಲಿ ಅದಾಳ್ರಿ?”

ಮರುದಿನ ಹಿರಿಯರು ಸೇರಿ, ಇವರನ್ನು ಮೊದಲ ಬಸ್ಸಿಗೇ ಹತ್ತಿಸಬೇಕೆಂದರು. ಬಸಂತರಾಯ ಒಪ್ಪಲಿಲ್ಲ. “ಬಸ್ ಹತ್ತಿದ್ರ ಈಕಿ ಪಾರಾಗ್ತಾಳ. ಕೂಸಿನ ಪ್ರಶ್ನಿ ಇಲ್ಲೇ ಉಳೀತೈತಿ. ಕುಂತು ಉತ್ತರ ಹೇಳಿ ಹೋಗ್ಲಿ.”

ವಿಹಾರದ ಮೆಟ್ಟಿಲ ಮೇಲೆ ಚನ್ನವ್ವನ ಎದುರು ಸುವಾರ್ತಾ ಕೂತಳು. “ನನಗ ಗೊತ್ತಿಲ್ಲವಾ,” ಅಂದಳು. “ನಿಮ್ಮವ್ವ ಹೆಂಗಿದ್ಲು, ಹೇಳು.” ಹುಡುಗಿ ಹೊತ್ತು ಮುಳುಗುವ ತನಕ ಹೇಳಿದಳು. ಊಟಕ್ಕೆ ಕರೆಯಲು ಬಂದ ಜಯಮಾಲಾಳನ್ನು ಬಸಂತರಾಯ ಸನ್ನೆ ಮಾಡಿ ತಿರುಗಿ ಕಳಿಸಿದ.

ಆರು ವಾರ ಮುಗಿದಾಗ ಯಾರೂ ಕ್ರೈಸ್ತರಾಗಿರಲಿಲ್ಲ. ಆದರೆ ಮರುವರ್ಷ ಇಂಡಿಯ ಶಾಲೆಯೊಂದರಲ್ಲಿ ನೌಕರಿ ಸಿಕ್ಕಾಗ ಸುವಾರ್ತಾ ಮೊದಲು ಪೇಢೆ ತಂದದ್ದು ಈ ಮನೆಗೆ. ಆಮೇಲಿನ ವರ್ಷಗಳಲ್ಲಿ ಬುದ್ಧಪೂರ್ಣಿಮೆಗೆ ಅವಳು ಇಲ್ಲಿ ಪಾಯಸ ಉಂಡಳು. ಕ್ರಿಸ್‌ಮಸ್ಸಿಗೆ ಬಸಂತರಾಯ ಅವಳ ಮಗಳಿಗೆ ಫ್ರಾಕು ಹೊಲಿದು ಇಂಡಿಗೆ ಒಯ್ದ.

*

ಬಾಗಿಲಲ್ಲೇ ನಿಂತು ಚನ್ನವ್ವ ಇದನ್ನೆಲ್ಲ ಹೇಳಿ ಮುಗಿಸಿದಳು. ಶ್ರೀಶೈಲ ಅಡ್ಡ ಹಾಕಿದ ಕೈ ತೆಗೆಯಲಿಲ್ಲ.

ಒಳಗಿನಿಂದ ಜಯಮಾಲಾಳ ದನಿ ಬಂತು. “ಸುವಾರ್ತಾ ಬಂದಾಳೇನು? ಆರು ವಾರಕ್ಕಂತ ಬಂದಾಕಿ, ಇಪ್ಪತ್ತು ವರ್ಷ ಆತು. ಇನ್ನೂ ಹೊರಗಽ ನಿಂದ್ರಸ್ತಿಯೇನಪಾ?”

ಅವನ ಕೈ ತಾನಾಗಿಯೇ ಇಳಿಯಿತು. ಸುವಾರ್ತಾ ಒಳಗೆ ಹೋಗಿ ಜಯಮಾಲಾಳ ಮಗ್ಗುಲಲ್ಲಿ ಕೂತಳು. ಇಬ್ಬರೂ ಅತ್ತರು.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಭಿಕ್ಷು ಭಂತೇಜಿ ಬುದ್ಧನ ತ್ರಿಶರಣ ಹೇಳಿಕೊಟ್ಟರು, ಎಲ್ಲರೂ ದನಿಗೂಡಿಸಿದರು. ಸುವಾರ್ತಾ ದೂರ ಜಾಲಿಮರದ ಕೆಳಗೆ ಕೈಮುಗಿದು ನಿಂತಿದ್ದಳು. ಅವಳ ತುಟಿ ಅಲುಗಲಿಲ್ಲ. ಜನ ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಚನ್ನವ್ವ ಕಣ್ಣಲ್ಲೇ ಕರೆದರೂ ಅವಳು ಹೆಜ್ಜೆ ಎತ್ತಲಿಲ್ಲ. ಹೋಗಬಹುದೋ ಬಾರದೋ ತಿಳಿಯಲಿಲ್ಲ.

ಶ್ರೀಶೈಲ ಬಗ್ಗಿ ಎರಡೂ ಮುಷ್ಟಿ ತುಂಬಿಕೊಂಡ. ಒಂದನ್ನು ಕುಣಿಗೆ ಬಿಟ್ಟ. ಆಮೇಲೆ ಎಲ್ಲರ ಎದುರೇ ಜಾಲಿಮರದತ್ತ ನಡೆದುಬಂದು, ಅವಳ ಅಂಗೈ ಮೇಲೆ ಇನ್ನೊಂದು ಮುಷ್ಟಿ ಬಿಚ್ಚಿದ. ಎರೆಮಣ್ಣು ಹಸಿಯಾಗಿತ್ತು. ಅವನ ಐದೂ ಬೆರಳಿನ ಅಚ್ಚು ಅದರ ಮೇಲೆ ಒತ್ತಿಕೊಂಡಿತ್ತು.