ಚುಚ್ಚುವ ಮೊದಲೇ ಹೇಳಿದ ಹ್ಞೂ

ನಮ್ಮ ಯಜಮಾನರು ಕ್ಷೌರಿಕರು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಅಂಗಡಿಯ ಬಾಗಿಲು ತೆರೆದಿಲ್ಲ. ಕತ್ತರಿ ಹಿಡಿಯುವ ಕೈ ಅದು. ಅದು ಏಳದಿದ್ದರೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಯಾರಾದರೂ ಆ ಮಾತೆತ್ತಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ವ್ಯಾಯಾಮ ಮಾಡಿಸುವವರು ಮನೆಗೇ ಬರುತ್ತಾರೆ. ಜೊತೆಗೆ ಅಕ್ಯುಪಂಕ್ಚರ್ ಕೂಡ ಆಗಲಿ ಎಂದು ಹಟ ಹಿಡಿದವಳು ನಾನು. ಮಗಳು ಮೂಗು ಮುರಿದಳು. ಸೂಜಿ ಡಾಕ್ಟರಮ್ಮನೂ ಮೊದಲ ದಿನವೇ, “ಕೆಲವರಿಗೆ ಸ್ವಲ್ಪ ಅನುಕೂಲ ಆಗಬಹುದು, ಕೆಲವರಿಗೆ ಏನೂ ಆಗಲ್ಲ. ವ್ಯಾಯಾಮ ಮಾತ್ರ ಬಿಡ್ಬೇಡಿ” ಎಂದಿದ್ದರು. ನನ್ನ ಕಿವಿಗೆ ಬಿದ್ದದ್ದು ಅದರ ಮೊದಲ ತುಂಡು ಮಾತ್ರ.

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ನಮ್ಮವರು ಮಂಚದ ಮೇಲೆ ಕೈ ಚಾಚಿ, ಕಣ್ಣು ಮುಚ್ಚಿ ಮಲಗುತ್ತಿದ್ದರು. ಕೂದಲೆಳೆಯಂಥ ಸೂಜಿ ಮಣಿಕಟ್ಟಿಗೆ ಇಳಿಯುತ್ತಿತ್ತು.

“ಗೊತ್ತಾಗ್ತಿದೆಯಾ?”

“ಹ್ಞೂ, ಜುಮ್ ಅಂತು.”

ಪ್ರತಿ ಸಲವೂ ಅದೇ ಉತ್ತರ. ಬಾಗಿಲ ಬಳಿ ನಿಂತ ನಾನು ಹಿರಿಹಿರಿ ಹಿಗ್ಗುತ್ತಿದ್ದೆ. ಮನೆಗೆ ಬಂದು ಮಗಳ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಮೊನ್ನೆ ಡಾಕ್ಟರಮ್ಮ ಹೊಸ ಸೂಜಿಯ ಪೊಟ್ಟಣ ಹರಿದರು. ಆ ಸದ್ದು ಕೇಳಿದ್ದೇ ತಡ, ಕಣ್ಣು ಮುಚ್ಚಿದ್ದ ನಮ್ಮವರು, “ಹ್ಞೂ, ಜುಮ್ ಅಂತು” ಎಂದುಬಿಟ್ಟರು.

ಸೂಜಿ ಇನ್ನೂ ಡಾಕ್ಟರಮ್ಮನ ಕೈಯಲ್ಲೇ ಇತ್ತು. ಅವರು ನನ್ನ ಮುಖ ನೋಡಿ, “ಒಂದ್ನಿಮಿಷ ಬಂದೆ” ಎಂದು ಹೊರಗೆ ಹೋದರು.

“ಯಾಕ್ರೀ ಸುಳ್ಳು ಹೇಳಿದ್ರಿ?” ಎಂದೆ.

“ಕಟಿಂಗ್ ಆದ್ಮೇಲೆ ಹಿಂದೆ ಕನ್ನಡಿ ಹಿಡಿದು ತೋರಿಸ್ತೀನಲ್ಲ, ಯಾರಾದ್ರೂ ಚೆನ್ನಾಗಿಲ್ಲ ಅಂದಿದ್ದಾರೇನೇ?” ನಗಲು ನೋಡಿದರು. ಆಮೇಲೆ ದನಿ ತಗ್ಗಿಸಿದರು. “ನೀನು ಅಲ್ಲಿ ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತೀಯ. ನಾನು ಹ್ಞೂ ಅಂದ್ಮೇಲೇ ಬಿಡೋದು. ಇನ್ನೇನ್ ಹೇಳ್ಲಿ?”

ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ಕೈ ಕಳೆದುಕೊಂಡವರು ಅವರು, ನನಗೆ ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬಿದ್ದಿತ್ತು.

“ಇಲ್ಲ ಅಂದ್ರೆ ಇಲ್ಲ ಅನ್ನಿ. ನಾನೇನು ಕರಗಿ ಹೋಗಲ್ಲ” ಎಂದೆ.

ಡಾಕ್ಟರಮ್ಮ ಬಂದರು. ಏನೂ ಆಗಿಲ್ಲವೆಂಬಂತೆ ಮಣಿಕಟ್ಟನ್ನು ಒರೆಸಿ ಸೂಜಿ ಇಳಿಸಿದರು. ನಮ್ಮವರು ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ಗೊತ್ತಾಗ್ತಿದೆಯಾ?”

“ಇಲ್ಲ.”

ಸ್ವಲ್ಪ ಮೇಲೆ ಇನ್ನೊಂದು.

“ಇಲ್ಲ, ಡಾಕ್ಟ್ರೇ.”

ನಾನು ಬಾಗಿಲು ಬಿಟ್ಟು ಬಂದು, ಕುರ್ಚಿ ಎಳೆದು ಆ ಕೈಯ ಪಕ್ಕದಲ್ಲೇ ಕೂತೆ.

“ಮುಂದಿನದು ಹಾಕಿ, ಡಾಕ್ಟರಮ್ಮ.”