ಪಥ್ಯದ ಬನ್ನು

ಚನಿಯನಿಗೆ ಒಂದು ಹೊತ್ತಿಗೆ ಒಂದು ವಿಚಾರ ಸಾಕು. ಎರಡು ಬಂದರೆ ಎರಡನ್ನೂ ಕೈಬಿಟ್ಟು ಜಗಲಿಯಲ್ಲಿ ಕೂತು ಬೀಡಿ ಹಚ್ಚುವವನು. ಉರ್ವದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಹಂಚಿನ ಕಾರ್ಖಾನೆಯಲ್ಲಿ ಅವನ ಮೇಸ್ತ್ರಿಗಿರಿ ಸುಸೂತ್ರವಾಗಿ ನಡೆಯುತ್ತಿದ್ದುದೂ ಅಲ್ಲಿ ಹಂಚು ಬಿಟ್ಟರೆ ಬೇರೆ ವಿಚಾರ ಇಲ್ಲದ್ದರಿಂದಲೇ. ಅಂಥವನ ತಲೆಗೆ ಆ ವರ್ಷದ ಸುಗ್ಗಿ ತಿಂಗಳಲ್ಲಿ ಹೆಂಡತಿಯ ಜ್ವರ, ಸೊಸೆಯ ಬನ್ನು, ತನ್ನ ಹಳೆಯ ಆಣೆ ಮೂರೂ ಒಟ್ಟಿಗೆ ಬಂದು ಕೂತವು.

ಹೆಂಡತಿ ದೇಯಿಗೆ ಬಂದದ್ದು ಟೈಫಾಯ್ಡ್. ಜ್ವರವೇನೋ ಇಳಿಯಿತು, ಆದರೆ ಹೋಗುವಾಗ ಅವಳ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಗಂಜಿ ಕೊಟ್ಟರೆ ಗಂಜಿ ಹೊರಗೆ ಬಂತು, ಹಾಲು ಕೊಟ್ಟರೆ ಹಾಲು. ನಾಲ್ಕು ಜನರ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದ ಹೆಂಗಸು ಚಾಪೆಯ ಮೇಲೆ ಒಣಗಿದ ತೆಂಗಿನ ಸೋಗೆಯಂತೆ ಬಿದ್ದುಕೊಂಡಳು.

ಕೊಡಿಯಾಲ್‌ಬೈಲಿನಿಂದ ಬಂದ ಡಾಕ್ಟರು ಕೈ ಹಿಡಿದು ನೋಡಿ ಹೊರಗೆ ಬಂದು ಹೇಳಿದರು, "ಹೊಟ್ಟೆಗೆ ಏನಾದರೂ ಹೋಗ್ಬೇಕು ಚನಿಯ. ಹೋಗದಿದ್ದರೆ ನನ್ನ ಮದ್ದಿನಿಂದ ಎಂತದೂ ಆಗ್ಲಿಕ್ಕಿಲ್ಲ. ಮೆತ್ತಗಿನ ಬ್ರೆಡ್ಡು ಹಾಲಿನಲ್ಲಿ ಅದ್ದಿ ಕೊಟ್ಟು ನೋಡು. ಅದೂ ನಿಲ್ಲದಿದ್ದರೆ ಮಗನಿಗೆ ತಂತಿ ಕೊಡುದು ಒಳ್ಳೆದು."

ಮಗ ಮೋಹನದಾಸ್ ಮುಂಬಯಿಯ ಹೋಟೆಲಿನಲ್ಲಿದ್ದ. ತಂತಿ ಯಾವುದಕ್ಕೆ ಕೊಡುತ್ತಾರೆಂದು ಚನಿಯನಿಗೂ ಗೊತ್ತಿತ್ತು. ಅವನು ಓಡಿಹೋಗಿ ಬೇಕರಿಯಿಂದ ಬ್ರೆಡ್ಡು ತಂದ. ದೇಯಿ ಅದನ್ನು ನೋಡಿ ಬಾಯಿ ಬಿಗಿದಳು.

"ಅದನ್ನು ಕಾಲಲ್ಲಿ ಮೆಟ್ಟಿ ಕಲಸುದು. ನಾನು ತಿನ್ನುದಿಲ್ಲ."

ಯಾರು ಮೆಟ್ಟುವುದನ್ನು ಅವಳು ಎಲ್ಲಿ ನೋಡಿದ್ದಳೋ, ಕೇಳುವಂತಿರಲಿಲ್ಲ. ಊರಿನ ಅರ್ಧ ಹೆಂಗಸರು ಹಾಗೆಯೇ ನಂಬಿದ್ದರು.

ಸೊಸೆ ಹೇಮಾಕ್ಷಿ ಆಗ ಬಾಯಿ ಬಿಟ್ಟಳು. ಅವಳ ತವರು ಜೆಪ್ಪು. ಪಕ್ಕದ ಮನೆಯ ಪೌಲ್ ಪೊರ್ಬುಗಳ ಹೆಂಡತಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ಬನ್ನು ಮಾಡುವಾಗ ಇವಳು ಹಿಟ್ಟು ನಾದಿಕೊಟ್ಟು ಕಲಿತಿದ್ದಳು.

"ನಾನು ಮಾಡ್ತೇನೆ ಮಾವ. ಕೈಯಲ್ಲೇ ನಾದುದು. ಮೈದಾ ತಂದರೆ ಆಯ್ತು, ಬೆಣ್ಣೆ ಉಂಟು, ಹಾಲು ಉಂಟು. ಮತ್ತೆ ಒಂದು ಚೆಂಬು ಕಳ್ಳು ಬೇಕು."

"ಎಂತ ಬೇಕು?"

"ಕಳ್ಳು. ಬೆಳಗ್ಗೆ ಇಳಿಸಿದ ಹೊಸ ಕಳ್ಳು. ಅದು ಹಾಕದಿದ್ದರೆ ಹಿಟ್ಟು ಉಬ್ಬುದಿಲ್ಲ. ನಿಮ್ಮ ಕಾರ್ಖಾನೆಯ ಹಂಚಿನ ಹಾಗೆ ಆಗ್ತದೆ."

ಚನಿಯ ಜಗಲಿಗೆ ಹೋಗಿ ಬೀಡಿ ಹಚ್ಚಿದ.

ಅವನು ಕಳ್ಳು ಇಳಿಸುವವರ ಮನೆಯವನೇ. ಹರೆಯದಲ್ಲಿ ಅವನಷ್ಟು ಚುರುಕಾಗಿ ಮರ ಹತ್ತುವವರು ಹೊಳೆಯ ಈ ಬದಿಯಲ್ಲಿರಲಿಲ್ಲ, ಇಳಿಸಿದ್ದರಲ್ಲಿ ಅವನಂತೆ ಅರ್ಧ ತಾವೇ ಕುಡಿಯುವವರೂ ಇರಲಿಲ್ಲ. ಕೈಗೂಸಾಗಿದ್ದ ಮೋಹನನ ಮೇಲೆ ಒಂದು ದಿನ ಅಮಲಿನಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ದೇಯಿ ಬೈಯಲಿಲ್ಲ, ಅಳಲಿಲ್ಲ. "ನೀವು ಕುಡಿಯುವ ಮನೆಯಲ್ಲಿ ನನ್ನ ಬಾಯಿಗೆ ತುತ್ತು ಹೋಗುದಿಲ್ಲ" ಎಂದು ಹೇಳಿ ಉಣ್ಣುವುದನ್ನು ಬಿಟ್ಟಳು. ಅವಳು ಹೇಳಿದರೆ ಹೇಳಿದ್ದೇ. ಕಣ್ಣು ಕತ್ತಲೆ ಬಂದು ಅವಳು ಬಾವಿಕಟ್ಟೆಯ ಹತ್ತಿರ ಬಿದ್ದ ದಿನ ಚನಿಯ ಕುದ್ರೋಳಿ ದೇವಸ್ಥಾನಕ್ಕೆ ಓಡಿ, ದೀಪದ ಎದುರು ಕೈಮುಗಿದು ಆಣೆ ಹಾಕಿದ. ಕಳ್ಳು ಇಳಿಸುವುದಿಲ್ಲ, ಮುಟ್ಟುವುದಿಲ್ಲ, ನಾಲಗೆಗೆ ತಾಗಿಸುವುದಿಲ್ಲ. ಮರ ಹತ್ತುವ ಕತ್ತಿಯನ್ನು ಗೆಳೆಯ ಜಯನಿಗೆ ಕೊಟ್ಟು ಕಾರ್ಖಾನೆಗೆ ಸೇರಿದ. ಮಗ ಬೆಳೆದು ಮದುವೆಯಾದರೂ ಆ ಆಣೆಗೆ ಒಂದು ಗೀರು ಬಿದ್ದಿರಲಿಲ್ಲ.

ಈಗ ಕಳ್ಳು ತರಬೇಕಂತೆ. ತರುವುದು ಮುಟ್ಟಿದ ಹಾಗೆಯೋ? ಚೆಂಬನ್ನು ಮುಟ್ಟಿದರೆ ಕಳ್ಳನ್ನು ಮುಟ್ಟಿದ ಹಾಗೆ ಆಗುತ್ತದೆಯೋ? ಬೆಂದ ಮೇಲೆ ಅದು ಕಳ್ಳೋ, ಬನ್ನೋ? ಚನಿಯ ಮೂರು ಬೀಡಿ ಸುಟ್ಟ, ಉತ್ತರ ಸಿಗಲಿಲ್ಲ. ಒಳಗೆ ದೇಯಿ ನರಳಿದ್ದು ಕೇಳಿಸಿತು, ಅದರಲ್ಲಿ ಮಾತ್ರ ಗೊಂದಲವಿರಲಿಲ್ಲ. ಅವನು ಎದ್ದ.

"ಅತ್ತೆಗೆ ಹೇಳುದಾ?" ಎಂದು ಹೇಮಾಕ್ಷಿ ಕೇಳಿದಳು.

"ಹೇಳಿದರೆ ಅವಳು ತಿಂತಾಳಾ? ಸುಮ್ಮನಿರು ಮಗಳೇ."

ಮರುದಿನ ಬೆಳಿಗ್ಗೆ ಅವನು ಚೆಂಬಿನ ಸುತ್ತ ಹೆಗಲ ಬೈರಾಸು ಸುತ್ತಿ ಹಿಡಿದುಕೊಂಡು ಹೋದ. ಜಯ ಮರದಿಂದ ಇಳಿಯುತ್ತಿದ್ದವನು ನೋಡಿ ನಕ್ಕ.

"ಎಂತ ಮಾರಾಯ, ಚೆಂಬಿಗೆ ಚಳಿಯಾ?"

"ನಾನು ಮುಟ್ಟಬಾರದು. ನೀನೇ ಹೊಯ್ಯಿ. ದೇಯಿಗೆ."

"ದೇಯಿ ಅಕ್ಕನಿಗಾ?" ಜಯ ನಗುವುದನ್ನು ನಿಲ್ಲಿಸಿದ. ಚನಿಯ ಬನ್ನಿನ ವಿಷಯ ಹೇಳಲು ಹೊರಟು ಎಲ್ಲೆಲ್ಲೋ ಸುತ್ತಿ, ಕಾಲಲ್ಲಿ ಮೆಟ್ಟುವ ಬ್ರೆಡ್ಡಿನ ವಿಷಯ ಹೇಳಿ ಮುಗಿಸಿದ. ಜಯನಿಗೆ ಏನೂ ಅರ್ಥವಾಗಲಿಲ್ಲ. ಸುಮ್ಮನೆ ಹೊಯ್ದು ಕೊಟ್ಟ.

ಬರುವ ದಾರಿಯಲ್ಲಿ ಮೈದಾಕ್ಕೆಂದು ಅಹ್ಮದ್ ಬಾವನ ಅಂಗಡಿಗೆ ಹೋದ. ಬಾವ ಮೂಗು ಅರಳಿಸಿ ಚೆಂಬನ್ನೂ ಇವನನ್ನೂ ನೋಡಿದ.

"ಚನಿಯಣ್ಣ, ಪುನಃ ಶುರುವಾ?"

"ಇದು ನನಗಲ್ಲ ಬಾವ, ಹಿಟ್ಟಿಗೆ."

"ಹಿಟ್ಟಿಗೆ," ಎಂದು ಬಾವ ತಲೆಯಾಡಿಸಿ ತೂಗಿ ಕೊಟ್ಟ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ನಂಬುವುದಿಲ್ಲ. ಈ ಮನುಷ್ಯ ಕಳ್ಳನ್ನೇ ಹಿಡಿದುಕೊಂಡು ಮಜ್ಜಿಗೆಗಿಂತ ನಂಬಲಾಗದ ಮಾತು ಹೇಳುತ್ತಿದ್ದ.

ಹೇಮಾಕ್ಷಿ ಉಗುರು ಬೆಚ್ಚಗಿನ ಹಾಲಿಗೆ ಕಳ್ಳು ಬೆರೆಸಿ ಹಿಟ್ಟು ಕಲಸಿದಳು. ಬೆಣ್ಣೆ ಹಾಕಿ, ಮಣೆಯ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿದಳು. ಮೊದಲು ಕೈಗೆಲ್ಲ ಅಂಟುತ್ತಿದ್ದ ಹಿಟ್ಟು ನಾದುತ್ತಾ ಹೋದಂತೆ ಕಿವಿಯ ಹಾಲೆಯಷ್ಟು ಮೆದುವಾಯಿತು. ಒದ್ದೆ ಬಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಳು. ಚನಿಯ ಆಗಾಗ ಬಂದು ಬಟ್ಟೆ ಎತ್ತಿ ನೋಡಿದ. ಹಿಟ್ಟು ತಾನಾಗಿ ಉಬ್ಬುತ್ತಿತ್ತು. ಕುಡಿದು ಹೀಗೆ ಉಬ್ಬಿ ಕೂರುವವರನ್ನು ಅವನು ಸಾಕಷ್ಟು ನೋಡಿದ್ದ, ಕುಡಿದು ಮೆತ್ತಗಾಗುವುದನ್ನು ಕಂಡದ್ದು ಇದೇ ಮೊದಲು.

ಉಬ್ಬಿದ್ದನ್ನು ಗುದ್ದಿ ಇಳಿಸಿ, ಉಂಡೆ ಕಟ್ಟಿ, ಬಾಳೆಲೆ ಹಾಸಿದ ಬಟ್ಟಲಲ್ಲಿ ಒಂದಕ್ಕೊಂದು ತಾಗಿಸಿ ಇಟ್ಟು, ಅವು ಮತ್ತೆ ಉಬ್ಬುವವರೆಗೆ ಕಾದಳು. ಆಮೇಲೆ ಮಣ್ಣಿನ ಪಾತ್ರೆಯ ತಳಕ್ಕೆ ಒಣ ಮರಳು ಹಾಕಿ ಬಟ್ಟಲು ಇಳಿಸಿದಳು. ಕೆಳಗೂ ತೆಂಗಿನ ಗೆರಟೆಯ ಕೆಂಡ, ಮುಚ್ಚಳದ ಮೇಲೂ ಕೆಂಡ. ತೆಗೆದಾಗ ಬನ್ನುಗಳು ಹೊಂಬಣ್ಣಕ್ಕೆ ತಿರುಗಿದ್ದವು. ಬಿಸಿ ಇರುವಾಗಲೇ ಬೆಣ್ಣೆ ಸವರಿದಳು. ಮನೆಯೆಲ್ಲ ಪರಿಮಳ ತುಂಬಿತು, ದೇಯಿಯ ಮೂಗಿಗೆ ಮಾತ್ರ ಏನೂ ತಿಳಿಯಲಿಲ್ಲ.

"ಹತ್ತಿಯ ಹಾಗೆ ಉಂಟು," ಎಂದು ಅವಳು ಹಾಲಿನಲ್ಲಿ ಅದ್ದಿ ನುಂಗಿದಳು. ಇಬ್ಬರೂ ಕಾದರು. ವಾಂತಿಯಾಗಲಿಲ್ಲ. ಸಂಜೆ ಇನ್ನೊಂದು ತಿಂದಳು.

ಹೀಗೆ ಚನಿಯನ ಚೆಂಬು ದಿನವೂ ಹೊರಟಿತು. ದೇಯಿಗೆ ಎದ್ದು ಕೂರುವಷ್ಟು ಶಕ್ತಿ ಬಂತು. ಹೇಮಾಕ್ಷಿ ಮಾವನಿಗೂ ಒಂದು ಬನ್ನು ಕೊಡುತ್ತಿದ್ದಳು, ಅವನು ಹಲ್ಲುನೋವು ಎನ್ನುತ್ತಿದ್ದ. ಬಿಸಿ ಬನ್ನಿನ ಎದುರು ಕೂತು ಬಾಯಲ್ಲಿ ನೀರೂರಿಸಿಕೊಂಡು ಹಲ್ಲುನೋವು ಹೇಳುವುದು ಸುಲಭವಲ್ಲ.

ಒಂದು ಬೆಳಿಗ್ಗೆ ಬರುವಾಗ ಅವನ ಕಾಲು ಕಲ್ಲಿಗೆ ಎಡವಿತು. ಕಳ್ಳು ತುಳುಕಿ ಉಟ್ಟ ಮುಂಡು, ಬೈರಾಸು ಎಲ್ಲ ಒದ್ದೆಯಾಯಿತು. ಉಳಿದದ್ದನ್ನು ಸೊಸೆಗೆ ಕೊಟ್ಟು ಬಟ್ಟೆ ಬದಲಿಸಬೇಕು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ದೇಯಿ ಕರೆದಳು. ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ಖುಷಿ ಇತ್ತು.

"ಇಲ್ಲಿ ಬನ್ನಿ, ನನಗೆ ಬೆಣ್ಣೆ ಕಾಯಿಸುವ ಪರಿಮಳ ಬರ್ತಾ ಉಂಟು. ಮೂಗು ಬಂತು ನನಗೆ."

ಚನಿಯನಿಗೆ ಸಂತೋಷದಲ್ಲಿ ಮುಂಡು ಮರೆತೇಹೋಯಿತು. ಹೋಗಿ ಚಾಪೆಯ ಪಕ್ಕದಲ್ಲೇ ಕೂತ. ದೇಯಿ ಇನ್ನೊಮ್ಮೆ ಉಸಿರೆಳೆದಳು. ಅವಳ ಮುಖ ಬದಲಾಯಿತು. ಅವನನ್ನು ಒಂದು ಕ್ಷಣ ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು.

ಅವತ್ತು ಬನ್ನು ಮುಟ್ಟಲಿಲ್ಲ. ಸಂಜೆಯೂ ಇಲ್ಲ. ಮರುದಿನದಿಂದ ಹಾಲೂ ಬೇಡ ಎಂದಳು. ಹೇಮಾಕ್ಷಿ ಬೇಡಿದಳು, ಗದರಿದಳು. ದೇಯಿ ಗೋಡೆಗೆ ಹೇಳುವಂತೆ ಒಂದೇ ಮಾತು ಹೇಳಿದಳು, "ನಾನು ಯಾಕೆ ಉಣ್ಣುದಿಲ್ಲ ಅಂತ ಅವರಿಗೆ ಗೊತ್ತುಂಟು."

ಹೇಮಾಕ್ಷಿ ಅಡುಗೆಮನೆಗೆ ಬಂದು ಮಾವನನ್ನು ಹಿಡಿದಳು. "ನಿಜ ಹೇಳಿಬಿಡಿ ಮಾವ."

"ನಿಜ ಹೇಳಿದರೆ, ಇಷ್ಟು ದಿನ ತಿಂದದ್ದು ಕಳ್ಳು ಅಂತ ಬನ್ನು ಬಿಡ್ತಾಳೆ. ಹೇಳದಿದ್ದರೆ, ನಾನು ಕುಡ್ದೆ ಅಂತ ಬನ್ನು ಬಿಡ್ತಾಳೆ. ಹೇಗೆ ಹೋದರೂ ಬನ್ನು ಬಿಡುದೇ."

ಅವನ ಕಣ್ಣಲ್ಲಿ ನೀರಿತ್ತು. ಅತ್ತ ದರಿ, ಇತ್ತ ಪುಲಿ. ಅವಳ ಮೂಗು ಬಂತೆಂದು ನಗಬೇಕೋ, ಬಂದ ಮೂಗು ಮೊದಲು ತನ್ನನ್ನೇ ಹಿಡಿಯಿತೆಂದು ಅಳಬೇಕೋ ಅವನಿಗೆ ತಿಳಿಯಲಿಲ್ಲ. ಕಡೆಗೆ ಬಟ್ಟಲಿನಲ್ಲಿ ಎರಡು ಬನ್ನು ಇಟ್ಟುಕೊಂಡು ಒಳಗೆ ಹೋದ.

"ದೇಯಿ, ನಾನು ಕುಡಿದಿಲ್ಲ."

ಅವಳು ನಿಧಾನ ತಿರುಗಿದಳು. ಕೆನ್ನೆ ಮತ್ತೆ ಒಳಗೆ ಹೋಗಿತ್ತು.

"ಹಾಗಾದರೆ ಆ ಬನ್ನು ತಿನ್ನಿ."

"ಯಾರು, ನಾನಾ?"

"ನೀವೇ. ಸೊಸೆ ದಿನಾ ಮಾಡ್ತಾಳೆ, ನೀವು ಒಂದು ತುಂಡು ಬಾಯಿಗೆ ಹಾಕಿದ್ದು ನಾನು ಕಂಡಿಲ್ಲ. ಕುಡಿದವನಿಗೆ ಬೆಣ್ಣೆ ಆಗುದಿಲ್ಲ, ಸಿಹಿ ಆಗುದಿಲ್ಲ. ಹಿಂದೆಯೂ ನೀವು ಹಾಗೇ ಇದ್ದದ್ದು. ಕುಡಿದಿಲ್ಲ ಅಂತಾದರೆ ನನ್ನ ಎದುರು ತಿನ್ನಿ. ಆಗ ನಾನೂ ತಿನ್ನುತ್ತೇನೆ."

ಚನಿಯ ಬನ್ನನ್ನು ನೋಡಿದ. ಆಣೆ ಮುರಿದಿಲ್ಲವೆಂದು ತೋರಿಸಬೇಕಾದರೆ ಆಣೆ ಮುರಿಯಬೇಕು. ಮುರಿಯದಿದ್ದರೆ ಮುರಿದವನಾಗುತ್ತಾನೆ, ದೇಯಿಯೂ ಉಳಿಯುವುದಿಲ್ಲ. ಈ ಲೆಕ್ಕ ದೊಡ್ಡ ವಕೀಲರಿಗೂ ಬಗೆಹರಿಯುತ್ತಿತ್ತೋ ಇಲ್ಲವೋ. ಚನಿಯ ಕುದ್ರೋಳಿಯ ದಿಕ್ಕಿಗೆ ಒಮ್ಮೆ ತಿರುಗಿ, ಕಣ್ಣು ಮುಚ್ಚಿ, ಬನ್ನನ್ನು ಕಚ್ಚಿದ.

ಮೊದಲು ಬೆಣ್ಣೆ ಸಿಕ್ಕಿತು. ಆಮೇಲೆ ಅದರ ಅಡಿಯಲ್ಲಿ ಬಹಳ ಸಣ್ಣದಾಗಿ, ಅವನಿಗೆ ಮಾತ್ರ ತಿಳಿಯುವಷ್ಟು ಹುಳಿ. ಹರೆಯ ಕಳೆದ ಮೇಲೆ ನಾಲಗೆಗೆ ತಾಗದ ಹುಳಿ ಅದು. ಅವನು ಅಳುತ್ತಾ ನುಂಗಿದ.

ದೇಯಿ ನೋಡುತ್ತಲೇ ಇದ್ದಳು. ಆಮೇಲೆ ಕೈ ಚಾಚಿ ಇನ್ನೊಂದು ಬನ್ನು ತೆಗೆದುಕೊಂಡು ಮುರಿದು ಬಾಯಿಗಿಟ್ಟಳು. ಬಾಗಿಲ ಹತ್ತಿರ ನಿಂತಿದ್ದ ಹೇಮಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇಲ್ಲಿಗೆ ಎಲ್ಲ ಮುಗಿಯಿತು, ಮಾವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಚನಿಯನ ತಲೆಯಲ್ಲಿ ಆಗ ಇದ್ದದ್ದು ಒಂದೇ ವಿಚಾರ, ಅದು ಬಾಯಿಗೆ ಬಂತು.

"ಇದರಲ್ಲಿ ಕಳ್ಳು ಉಂಟು, ದೇಯಿ."

ಅವಳ ದವಡೆ ನಿಂತಿತು.

"ಅದು ಹಾಕದಿದ್ದರೆ ಉಬ್ಬುದಿಲ್ಲ ಅಂತೆ. ಜಯನ ಹತ್ತಿರದಿಂದ ದಿನಾ ನಾನೇ ತಂದದ್ದು. ಮೊನ್ನೆ ಮೈಮೇಲೆ ಚೆಲ್ಲಿತು. ಕುಡಿದಿಲ್ಲ. ಇವತ್ತಿನವರೆಗೆ ನಾಲಗೆಗೆ ತಾಗಿಸಿಲ್ಲ."

ದೇಯಿ ಬಾಯಲ್ಲಿದ್ದದ್ದನ್ನು ಉಗುಳುತ್ತಾಳೆಂದು ಹೇಮಾಕ್ಷಿ ಪಾತ್ರೆ ಹಿಡಿದು ಓಡಿಬಂದಳು. ದೇಯಿ ಅವಳನ್ನು ಕೈಯಿಂದಲೇ ತಡೆದಳು.

"ದಿನಾ ಚೆಂಬು ಹಿಡಿದು ಅಷ್ಟು ದೂರ ಬಂದ್ರಿ. ಒಂದು ಗುಟುಕೂ ಕುಡಿಯಲಿಲ್ಲ?"

"ಇಲ್ಲ."

"ಮತ್ತೆ ಇವತ್ತು ಆಣೆ ಮುರಿದದ್ದು ಎಂತಕ್ಕೆ?"

"ನೀನು ತಿನ್ನಬೇಕಲ್ಲ."

ದೇಯಿ ಬಾಯಲ್ಲಿದ್ದದ್ದನ್ನು ಮೆಲ್ಲಗೆ ಅಗಿದು ನುಂಗಿದಳು. ಅವಳ ಕಣ್ಣಿನಿಂದ ಇಳಿದ ನೀರು ಒಣಗಿದ ಕೆನ್ನೆಯ ಗುಂಡಿಯಲ್ಲಿ ನಿಂತಿತು.

"ಕುದ್ರೋಳಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬರುವ. ನಿಮ್ಮದೊಂದು, ನನ್ನದೊಂದು."

"ನಿನ್ನದು ಎಂತಕ್ಕೆ?"

"ಮೂಗನ್ನು ನಂಬಿದೆ, ನಿಮ್ಮನ್ನು ನಂಬಲಿಲ್ಲ. ಅದಕ್ಕೆ." ಅವಳು ಸೊಸೆಯ ಕಡೆ ತಿರುಗಿದಳು. "ಅಲ್ಲಿವರೆಗೆ ನಡಿಲಿಕ್ಕೆ ಶಕ್ತಿ ಬೇಕಲ್ಲ ಹೇಮ. ಇನ್ನೊಂದು ತಾ."

ಚನಿಯನ ಕೈಯಲ್ಲಿ ಅರ್ಧ ಬನ್ನು ಹಾಗೇ ಉಳಿದಿತ್ತು. ಮುರಿದ ಆಣೆ ಪೂರ್ತಿ ಮುರಿಯಬೇಕೋ, ಅರ್ಧಕ್ಕೆ ನಿಲ್ಲಿಸಬಹುದೋ ಅವನಿಗೆ ತಿಳಿಯಲಿಲ್ಲ.

"ಇದನ್ನು ಎಂತ ಮಾಡುದು?" ಎಂದು ಕೇಳಿದ.

ದೇಯಿ ಅದನ್ನೂ ಅವನ ಕೈಯಿಂದ ತೆಗೆದುಕೊಂಡು ತಿಂದಳು.