ಏಳು ಸಲ ಕೇಳಿದ ಕ್ಷಮೆ

"ನಿನಗೆ ಓದೋಕೆ ಬರುತ್ತೇನೋ ಕ್ರೇಗ್? ಹದಿನೈದಕ್ಕೇ ಶಾಲೆ ಬಿಟ್ಟು ಓಡಿದೋನು ನೀನು. ಪುಸ್ತಕ ತಲೆಕೆಳಗಾಗಿ ಹಿಡಿದಿಲ್ಲ ತಾನೆ?"

ಅಧ್ಯಕ್ಷ ಡೆಸ್ಮಂಡ್ ಪಾರ್ಜಿಟರ್ ಹೀಗೆಂದಾಗ ನಾವು ನಕ್ಕೆವು. ನಾನೂ ನಕ್ಕೆ. ಹೋಲ್ಮ್‌ಬೆಕ್ ಊರ ಕೌನ್ಸಿಲ್ ಸಭೆ ನೋಡಲು ಮಾಮೂಲಾಗಿ ಬರುವುದು ಇಬ್ಬರು ಮತ್ತು ಒಂದು ನಾಯಿ. ಅಂದು ಹನ್ನೊಂದು ಜನ ಇದ್ದೆವು, ನಾಯಿಯನ್ನು ಬಿಟ್ಟು.

ಚರ್ಚಿನ ಹಿಂದಿನ ಬಾಡಿಗೆ ತೋಟಗಳನ್ನು ಕಿತ್ತು ಕಾರು ನಿಲ್ಲಿಸುವ ಜಾಗ ಮಾಡಬೇಕೆಂಬ ಠರಾವು ಅಂದು ಮತಕ್ಕೆ ಬರಲಿತ್ತು. ಜಿಲ್ಲೆ ಕೊಟ್ಟಿದ್ದ ಅನುಮತಿಗೆ ಇನ್ನು ಎರಡೇ ದಿನದ ಆಯುಸ್ಸು. ತೋಟದ ಒಂಬತ್ತನೇ ತುಂಡು ಕ್ರೇಗನದು. ಅವನ ತಾತ ನೆಟ್ಟ ರುಬಾರ್ಬ್ ಗಿಡ ಅಲ್ಲಿ ಇನ್ನೂ ಚಿಗುರುತ್ತದೆ. ತಾತ ಸತ್ತ ಮೇಲೆ ಅವನು ದಿನಾ ಹೋಗುತ್ತಿದ್ದ ಜಾಗ ಅದೊಂದೇ.

1894ರಲ್ಲಿ ಈ ಕೌನ್ಸಿಲ್ ಹುಟ್ಟಿದಾಗ ಕಲ್ಲುಗಣಿಯ ಆಳುಗಳು ಶಾಲೆಯ ಕೋಣೆಯಲ್ಲಿ ಕೈಯೆತ್ತಿ ಪಾದ್ರಿಯನ್ನು ಸೋಲಿಸಿದರು. ಅವರ ಮೊದಲ ಠರಾವೇ ಆಲೂಗಡ್ಡೆ ಬೆಳೆಯಲು ಈ ನೆಲ ಬೇಕೆಂಬುದು. ಈಗ ಅದೇ ಮೇಜಿನ ಸುತ್ತ ಕೂತವರ ಆಲೂಗಡ್ಡೆ ಸೂಪರ್‌ಮಾರ್ಕೆಟ್ಟಿನಿಂದ ಬರುತ್ತದೆ, ತೊಳೆದು, ಚೀಲದಲ್ಲಿ.

ಏಳು ಸದಸ್ಯರಲ್ಲಿ ಮೂವರಾದರೂ ಇರದೆ ಸಭೆ ನಡೆಯದು. ಅಂದು ಲೆಕ್ಕಕ್ಕೆ ಸರಿಯಾಗಿ ಮೂವರಿದ್ದರು: ಪಾರ್ಜಿಟರ್, ಬೇಕರಿಯ ಮಿಸೆಸ್ ಟಾಪ್‌ಲಿಸ್, ಸ್ಪೇನಿನ ಬಿಸಿಲಲ್ಲಿ ಕೆಂಪಾಗಿ ಬಂದಿದ್ದ ಗಾಡ್‌ಫ್ರಿ ಲಂಬ್. ಮತಕ್ಕೆ ಮೊದಲು ಊರವರಿಗೆ ಮಾತಾಡಲು ಮೂರು ನಿಮಿಷ.

"ಎರಡು ನಿಮಿಷ ಉಳಿದಿದೆ, ಕಂದಾ," ಎಂದಳು ಗುಮಾಸ್ತೆ ಹಿಲರಿ, ಗಡಿಯಾರ ನೋಡುತ್ತ. ಸಭೆಯ ನಡಾವಳಿ ಪುಸ್ತಕವನ್ನು ಊರಿನ ಯಾರು ಬೇಕಾದರೂ ಕೇಳಿ ಓದಬಹುದು. ಕ್ರೇಗ್ ಒಂಬತ್ತು ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕೂತು ಓದಿದ್ದ.

ಅವನು ಕೈಯಲ್ಲಿದ್ದ ಆ ಪುಸ್ತಕದ ಪುಟ ತೆರೆದ. ಕಿವಿ ಕೆಂಪಾಗಿದ್ದರೂ ಗಟ್ಟಿಯಾಗಿ ಓದಿದ.

"ಅಕ್ಟೋಬರ್ ಹನ್ನೆರಡು. ಲಂಬ್ ಹಾಜರು. ನವೆಂಬರ್, ಲಂಬ್ ಗೈರು, ಕ್ಷಮೆ ಕೋರಿದ್ದಾರೆ. ಡಿಸೆಂಬರ್, ಅದೇ. ಮೇ ತನಕ ಅದೇ. ಏಳು ಸಭೆ."

"ಕ್ಷಮೆ ಕೇಳಿದೀನಲ್ಲಪ್ಪಾ!" ಎಂದ ಲಂಬ್. "ಒಂದು ಸಲಾನೂ ತಪ್ಪಿಸಿಲ್ಲ. ಪೋಸ್ಟ್‌ಕಾರ್ಡ್ ಬೇರೆ ಕಳಿಸಿದ್ದೆ."

"ಕತ್ತೆ ಚಿತ್ರದ್ದು," ಎಂದಳು ಮಿಸೆಸ್ ಟಾಪ್‌ಲಿಸ್. "ಟೋಪಿ ಹಾಕ್ಕೊಂಡಿತ್ತು. ಮುದ್ದಾಗಿತ್ತು."

"ಕೇಳಿದ್ರೆ ಸಾಲದು," ಎಂದ ಕ್ರೇಗ್. "ಆರು ತಿಂಗಳು ತುಂಬೋ ಮುಂಚೆ, ಕಾರಣ ಒಪ್ಪಿದೀವಿ ಅಂತ ನೀವೆಲ್ಲ ಕೈಯೆತ್ತಿರಬೇಕಿತ್ತು. ಎತ್ತಿಲ್ಲ. ಏಪ್ರಿಲ್‌ನಲ್ಲೇ ಆರು ತಿಂಗಳು ತುಂಬಿ, ಕಾನೂನಿನ ಪ್ರಕಾರ ಇವರ ಸದಸ್ಯತ್ವದ ಕುರ್ಚಿ ಹೋಯ್ತು. ಎಲ್ಲಾ ಪುಟಕ್ಕೂ ಸಹಿ ನಿಮ್ಮದೇ, ಚೇರ್ಮನ್ನರೇ."

ನಮ್ಮಲ್ಲಿ ಕಾಲು ತುಳಿದವನು ಸಾರಿ ಅನ್ನುತ್ತಾನೆ, ತುಳಿಸಿಕೊಂಡವನೂ ಸಾರಿ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಕೇಳಿದ ಕ್ಷಮೆಯನ್ನು ಯಾರಾದರೂ ಒಪ್ಪಬೇಕೆಂದು ಆ ಮೇಜಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಹಿಲರಿ ಚೀಲದಿಂದ ಕಾನೂನಿನ ಪುಸ್ತಕ ತೆಗೆದು, ಬೆರಳಿಟ್ಟು ಓದಿದಳು. "ಅವನು ಹೇಳೋದು ಸರಿ, ಡೆಸ್ಮಂಡ್. ನಾನು ನೋಡಬೇಕಿತ್ತು. ಸಾರಿ."

"ನಾಳೆ ಇನ್ನೊಂದು ಸಭೆ ಕರಿ ಹಾಗಾದ್ರೆ!" ಎಂದರು ಪಾರ್ಜಿಟರ್.

"ನೋಟಿಸಿಗೇ ಮೂರು ದಿನ ಬೇಕಲ್ಲ. ಅನುಮತಿಗೆ ಉಳಿದಿರೋದು ಎರಡೇ."

ಲಂಬ್ ಎದ್ದ. ಎಲ್ಲಿ ಕೂರಬೇಕೆಂದು ತಿಳಿಯದೆ ನಮ್ಮ ಸಾಲಿಗೆ ಬಂದು ನಾಯಿಯ ಪಕ್ಕ ಕೂತ. ಮೇಜಿನಲ್ಲಿ ಇಬ್ಬರೇ ಉಳಿದರು, ಮತ ನಡೆಯುವಂತಿರಲಿಲ್ಲ.

ಪಾರ್ಜಿಟರ್ ಠರಾವಿನ ಹಾಳೆಯನ್ನು ನಾಲ್ಕಾಗಿ ಮಡಚಿದರು. "ನಿಜ ಹೇಳು," ಎಂದರು. "ಇದನ್ನೆಲ್ಲ ನಿನಗೆ ಯಾರು ಓದಿ ಹೇಳಿದ್ರು?"

ಈ ಸಲ ಯಾರೂ ನಗಲಿಲ್ಲ. ಕ್ರೇಗ್ ಪುಸ್ತಕವನ್ನು ಅವರ ಕಡೆಗೆ ನೇರ ತಿರುಗಿಸಿ ಮೇಜಿನ ಮೇಲಿಟ್ಟ. ಬಾಗಿಲ ಬಳಿ ಬಿಟ್ಟಿದ್ದ ಮಣ್ಣು ಮೆತ್ತಿದ ಬೂಟು ಹಾಕಿಕೊಂಡ, ದಾರ ಕಟ್ಟಿದ. ಹೊರಗೆ ಜೂನ್ ಸಂಜೆಯ ಬಿಸಿಲು ಇನ್ನೂ ಇತ್ತು. ಚರ್ಚಿನ ಹಿಂದಕ್ಕೆ ನಡೆದುಹೋದ.